ಲಾಫ್ಟಿನ ಬಾಡಿಗೆದಾರ

ಮುಲುಂಡಿನ ಅಕ್ಕನ ಮನೆಯಲ್ಲಿ ಈಗ ನೆಮ್ಮದಿಯಾಗಿ ಉಣ್ಣುವಂತಿಲ್ಲ. ಅನ್ನ ಬಾಯಿಗಿಟ್ಟ ಕೂಡಲೇ ಅವಳ ಮಗಳ ವೀಕ್ಷಕ ವಿವರಣೆ ಶುರು: "ಚಿಕ್ಕಮ್ಮ, ನಿಮ್ಮ ಬಾಯಲ್ಲಿ ಅಮೈಲೇಸ್ ಕೆಲಸಕ್ಕಿಳೀತು ನೋಡಿ." ತುತ್ತು ಸಣ್ಣ ಕರುಳು ಮುಟ್ಟುವವರೆಗೂ ಬಿಡುಗಡೆಯಿಲ್ಲ. ಹುಡುಗಿ ಒಂಬತ್ತನೇ ಕ್ಲಾಸು, ಈ ವರ್ಷ 'ಹೋಮಿ ಭಾಭಾ'ಗೆ ಕೂತಿದ್ದಾಳೆ. ಮುಂಬಯಿಯ ವಿಜ್ಞಾನ ಶಿಕ್ಷಕರ ಸಂಘ ಆರು ಮತ್ತು ಒಂಬತ್ತನೇ ತರಗತಿಯವರಿಗೆಂದು 1981ರಿಂದ ನಡೆಸುತ್ತಿರುವ ಬಾಲ ವೈಜ್ಞಾನಿಕ ಸ್ಪರ್ಧೆ ಅದು. ಲಿಖಿತ ಪರೀಕ್ಷೆ ದಾಟಿದರೆ ಪ್ರಯೋಗ, ಅದನ್ನೂ ದಾಟಿದರೆ ಪ್ರಾಜೆಕ್ಟು, ಸಂದರ್ಶನ. ಅಣುವಿಜ್ಞಾನಿಯ ಹೆಸರಿನಲ್ಲಿ ಮಕ್ಕಳು ಪಿತ್ತಕೋಶ ಬಾಯಿಪಾಠ ಮಾಡುತ್ತಿದ್ದಾರೆ!

ಮೂಳೆಗಳ ಪಾಠ ಬಂದಾಗ ಡಾಕ್ಟರ್ ಭಾವ ಲಾಫ್ಟಿನಿಂದ ತಗಡಿನ ಪೆಟ್ಟಿಗೆಯೊಂದನ್ನು ಇಳಿಸಿದರು. ಎಂಬಿಬಿಎಸ್ ಮೊದಲ ವರ್ಷ ಸೀನಿಯರ್ ಒಬ್ಬರಿಂದ ಕೊಂಡ 'ಹಾಫ್ ಸೆಟ್'. ಒಂದು ಬುರುಡೆ, ಒಂದು ಕೈ, ಒಂದು ಕಾಲು, ಅರ್ಧ ಸೊಂಟ. ಜೂನಿಯರಿಗೆ ದಾಟಿಸಬೇಕಾದದ್ದು ಇಲ್ಲೇ ಉಳಿದಿದೆ. ಈ ಸೊಸೈಟಿಯಲ್ಲಿ ಮೀನು ಹುರಿದರೆ ಕಮಿಟಿ ಸೇರುತ್ತದೆ, ಮದುವೆಯಾಗದ ಹುಡುಗರಿಗೆ ಮನೆ ಸಿಗುವುದಿಲ್ಲ. ಅಂಥಲ್ಲಿ ಅರ್ಧ ಮನುಷ್ಯ ಪೊಲೀಸ್ ವೆರಿಫಿಕೇಶನ್ ಕೂಡ ಇಲ್ಲದೆ ಇಷ್ಟು ವರ್ಷ ಬಾಡಿಗೆಗಿದ್ದಾನೆ. ಅಮ್ಮನ ಚಿಂತೆಯೇ ಬೇರೆ: "ಸೂತಕ ಯಾವತ್ತಿಂದ ಲೆಕ್ಕ ಹಾಕೋದು?"

ಎಲುಬುಗಳ ಮೇಲೆ ಶಾಯಿಯ ಗೆರೆಗಳಿದ್ದವು. ಸ್ನಾಯು ಹುಟ್ಟುವಲ್ಲಿ ಕೆಂಪು, ಹೋಗಿ ಅಂಟುವಲ್ಲಿ ನೀಲಿ. ಒಬ್ಬನ ಗೆರೆ ಮಾಸಿದಲ್ಲಿ ಇನ್ನೊಬ್ಬ ತಿದ್ದಿದ್ದಾನೆ. ಎಷ್ಟು ಜನ ಈ ತೋಳು ಹಿಡಿದು ಪಾಸಾದರೋ. ಜಗತ್ತಿನ ವೈದ್ಯಕೀಯ ಕಾಲೇಜುಗಳಲ್ಲಿ ತೂಗುತ್ತಿದ್ದ ಅಸ್ಥಿಪಂಜರಗಳಲ್ಲಿ ಬಹಳಷ್ಟು ಒಂದು ಕಾಲಕ್ಕೆ ನಮ್ಮ ದೇಶದವೇ. 1985ರಲ್ಲಿ ಸರಕಾರ ರಫ್ತು ನಿಲ್ಲಿಸಿತು. ಇತ್ತ ಮುಂಬಯಿಯಲ್ಲಿ 1949ರ ಬಾಂಬೆ ಅನಾಟಮಿ ಕಾಯ್ದೆಯಿದೆ: ವಾರಸುದಾರರು ಬಾರದ ಶವವನ್ನು ವೈದ್ಯಕೀಯ ಕಾಲೇಜಿಗೆ ಕೊಡಬಹುದು. ವಾರಸುದಾರರು ಬಾರದಿರಲು ಈ ಊರಿಗಿಂತ ಅನುಕೂಲದ ಊರು ಯಾವುದಿದೆ? ಊರು ಬಿಟ್ಟು ಬಂದವರು, ಊರಿಗೆ ವಿಳಾಸ ತಿಳಿಸದವರು, ಫುಟ್‌ಪಾತೇ ವಿಳಾಸವಾದವರು. ಬದುಕಿರುವಾಗ ಒಂದು ಖೋಲಿಯೂ ದಕ್ಕದವರಿಗೆ ಸತ್ತ ಮೇಲೆ ಕಾಲೇಜಿನಲ್ಲಿ ಸೀಟು. ನಾವು ದೇಹದಾನದ ಫಾರ್ಮು ತುಂಬುವ ಮಾತನ್ನು ಪ್ರತಿ ವರ್ಷ ಆಡುತ್ತೇವೆ, ಫಾರ್ಮು ಮಾತ್ರ ತರುವುದಿಲ್ಲ.

ಹುಡುಗಿ ಕಾಲರ್ ಬೋನಿನ ತುದಿಯನ್ನು ಬೆರಳಿನಿಂದ ಸವರುತ್ತಿದ್ದಳು. ದೇಹದಲ್ಲಿ ಎಲ್ಲಕ್ಕಿಂತ ಮೊದಲು ಗಟ್ಟಿಯಾಗಲು ತೊಡಗಿ, ಎಲ್ಲಕ್ಕಿಂತ ಕೊನೆಗೆ ಪೂರ್ತಿಯಾಗುವ ಮೂಳೆಯಂತೆ ಅದು. ಎದೆಯ ಕಡೆಯ ತುದಿ ಕೂಡಿಕೊಳ್ಳುವಷ್ಟರಲ್ಲಿ ಇಪ್ಪತ್ತು ದಾಟಿರುತ್ತದೆ.

"ಇದಿನ್ನೂ ಕೂಡೇ ಇಲ್ಲ ಅಪ್ಪ. ಇಪ್ಪತ್ತೈದು ಆಗಿರಲಿಕ್ಕಿಲ್ಲ ಅಲ್ವಾ?"

ಭಾವ ಹೂಂ ಎಂದರು. ಬಾಗಿಲಾಚೆಯೇ ನಿಂತಿದ್ದ ಅಮ್ಮ ಒಳಗೆ ಬಂದರು. "ಅಯ್ಯೋ, ಅಷ್ಟು ಚಿಕ್ಕ ವಯಸ್ಸೇ? ಮದುವೆ ಆಗಿತ್ತೋ ಇಲ್ವೋ ನೋಡೇ."

"ಸೊಂಟದ ಮೂಳೆ ನೋಡಿದ್ರೆ ಗಂಡೋ ಹೆಣ್ಣೋ ಹೇಳಬಹುದು ಅಜ್ಜಿ. ಮದುವೆ ಗೊತ್ತಾಗಲ್ಲ."