ಅಟ್ಟದ ನುಸಿ

ಐದನೇ ಕ್ಲಾಸಿನಲ್ಲಿದ್ದಾಗ ನಾನೊಂದು ಯುದ್ಧವಿಮಾನ ಕಟ್ಟಿದ್ದೆ. ಇದನ್ನು ಬ್ಯಾಂಕಿನ ಕೌಂಟರಿನಲ್ಲಿ ಹೇಳಿದ್ದೇನೆ, ಮದುವೆಮನೆಯ ಪಂಕ್ತಿಯಲ್ಲಿ ಹೇಳಿದ್ದೇನೆ, ಬ್ರಹ್ಮಾವರಕ್ಕೆ ಹೆಣ್ಣು ನೋಡಲು ಹೋದಾಗಲೂ ಹೇಳಿದ್ದೆ. ಆ ಹೆಣ್ಣು ಕೇಳಿದ್ದು ಒಂದೇ ಮಾತು: "ಅದ್ ಹಾರತ್ತಾ?" ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಲು ನನ್ನಿಂದ ಆಗಿಲ್ಲ.

ವಿಮಾನ ತಂದವನು ಸೋದರಮಾವ. ಮುಂಬಯಿ ಫೋರ್ಟಿನ ಹೋಟೆಲೊಂದರಲ್ಲಿ ತರಕಾರಿ ಹೆಚ್ಚುತ್ತ ಹೆಚ್ಚುತ್ತ, ಎಡಗೈ ಹೆಬ್ಬೆರಳನ್ನೂ ಒಮ್ಮೆ ಅಡ್ಡಡ್ಡ ಹೆಚ್ಚಿಕೊಂಡು, ಕೊನೆಗೆ ಗಲ್ಲಾಪೆಟ್ಟಿಗೆಯ ತನಕ ಏರಿದವನು. ಮೇ ತಿಂಗಳಲ್ಲಿ ಬೈಂದೂರಿಗೆ ಬರುವಾಗ ಟ್ರಂಕಿನಲ್ಲಿ ಯಾರೂ ಕೇಳದ ಸಾಮಾನುಗಳೇ ಇರುತ್ತಿದ್ದವು. 1974ರಲ್ಲಿ ಫುಟ್‌ಪಾತಿನಲ್ಲಿ ಕೊಂಡ ಒಂದು ಪ್ಲಾಸ್ಟಿಕ್ ಪೊಟ್ಟಣ ಬಂತು. ಒಳಗೆ ಏರ್‌ಫಿಕ್ಸ್ ಕಂಪನಿಯ ನ್ಯಾಟ್ ವಿಮಾನದ ಕಿಟ್ಟು, ತುಂಡು ತುಂಡಾಗಿ. ಒಂದು ಪುಟ್ಟ ಟ್ಯೂಬು ಅಂಟು. ಆ ರಾತ್ರಿ ಜಗಲಿಯಲ್ಲಿ ಮಾವ ಲಾಟೀನು ಹಿಡಿದು ಕೂತ, ನಾನು ಕಟ್ಟಿದೆ. ಇದು ಇಷ್ಟು ವರ್ಷ ನಾನು ಹೇಳಿಕೊಂಡು ಬಂದ ಪಾಠಾಂತರ.

ನ್ಯಾಟ್ ಎಂದರೆ ಗುಂಗುರು. ನಮ್ಮ ಕಡೆಯ ಲೆಕ್ಕದಲ್ಲಿ ನುಸಿ ಅನ್ನಿ. ಯುದ್ಧವಿಮಾನಗಳು ವರ್ಷವರ್ಷವೂ ದಪ್ಪವಾಗುತ್ತಿವೆ, ದುಬಾರಿಯಾಗುತ್ತಿವೆ ಎಂದು ಬೇಸತ್ತ ಟೆಡ್ಡಿ ಪೆಟ್ಟರ್ ಎಂಬ ಇಂಗ್ಲಿಷ್ ವಿನ್ಯಾಸಗಾರ ಹಟಕ್ಕೆ ಬಿದ್ದು ಮಾಡಿದ ಸಣ್ಣ ವಿಮಾನ ಅದು. ಉದ್ದ 8.7 ಮೀಟರ್, ನಮ್ಮ ಖಾಸಗಿ ಬಸ್ಸಿಗಿಂತಲೂ ಗಿಡ್ಡ. ಪ್ರತ್ಯೇಕ ಏರ್‌ಬ್ರೇಕು ಇಡುವಷ್ಟೂ ಜಾಗವಿಲ್ಲದೆ ಗಾಲಿಗಳನ್ನೇ ಅರ್ಧ ಇಳಿಸಿ ವೇಗ ತಗ್ಗಿಸುವ ವ್ಯವಸ್ಥೆ ಮಾಡಿದ್ದ. ಸೈಕಲ್ಲಿನಲ್ಲಿ ಕಾಲು ನೆಲಕ್ಕೆ ಕೊಟ್ಟ ಹಾಗೆ. ಇಂಗ್ಲೆಂಡಿನ ವಾಯುಪಡೆ ಈ ಒಂಟಿ ಸೀಟಿನ ಫೈಟರನ್ನು ಬೇಡವೆಂದು ಬಿಟ್ಟು, ತರಬೇತಿಗೆಂದು ಎರಡು ಸೀಟಿನ ಮಾದರಿಯನ್ನಷ್ಟೇ ಕೊಂಡಿತು. ಫೈಟರನ್ನು ನೆಚ್ಚಿಕೊಂಡದ್ದು ನಾವು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಲೈಸೆನ್ಸ್ ಪಡೆದು ಕಟ್ಟಿದೆವು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನ್ಯಾಟ್ ಹಾರಿಸಿ ಹುತಾತ್ಮರಾದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರಿಗೆ ಪರಮವೀರ ಚಕ್ರ ಬಂತು. ವಾಯುಪಡೆಗೆ ಈವರೆಗೆ ಬಂದದ್ದು ಅದೊಂದೇ. ನಮ್ಮ ಗದ್ದೆಯ ಬದುವಿನ ಮೇಲೆ ಎರಡೂ ಕೈ ಚಾಚಿ ಓಡುವಾಗ ನಾನು ಯಾವಾಗಲೂ ಸೆಖೋನ್. ತಮ್ಮ ಯಾವಾಗಲೂ ವೈರಿ. ಅವನಿಗೆ ಆಯ್ಕೆಯೇ ಇರಲಿಲ್ಲ.

ಮೊನ್ನೆ ಮಳೆಗಾಲಕ್ಕೆ ಮುಂಚೆ ಹಂಚು ಸರಿಮಾಡಿಸಲು ಹಳೇ ಮನೆಯ ಅಟ್ಟ ಹತ್ತಿದಾಗ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ವಿಮಾನ ಸಿಕ್ಕಿತು. ರೆಕ್ಕೆ ಒಂದು ಕಡೆ, ಬಾಲ ಒಂದು ಕಡೆ, ಚಾಲಕನ ಜಾಗದಲ್ಲಿ ಎರಡು ಹಲ್ಲಿಮೊಟ್ಟೆ. ಕುಂದಾಪುರಕ್ಕೆ ತಂದೆ. ನಿವೃತ್ತಿಯಾಗಿ ಎರಡು ವರ್ಷ ಆಗಿತ್ತು. ಮನೆಯಲ್ಲಿ ರಿಪೇರಿಗೆ ಬಾಕಿ ಉಳಿದ ವಸ್ತು ನಾನೊಬ್ಬನೇ. ಇದನ್ನು ಸರಿಮಾಡಿ ಅಪ್ಪಟ ಭಾರತೀಯ ನ್ಯಾಟ್ ಮಾಡಿಯೇ ತೀರುವುದೆಂದು ಸಂಕಲ್ಪ ಮಾಡಿದೆ.

ಪುಸ್ತಕ ತರಿಸಿ ಓದಿದ ಮೇಲೆ ಹೊಟ್ಟೆ ತಣ್ಣಗಾಯಿತು. ಇಂಗ್ಲೆಂಡಿನ ಮಕ್ಕಳು ಆಕಾಶದಲ್ಲಿ ಕಂಡದ್ದು ರೆಡ್ ಆ್ಯರೋಸ್ ಎಂಬ ವಿಮಾನ ಕಸರತ್ತಿನ ತಂಡದ ಕೆಂಪು ನ್ಯಾಟುಗಳನ್ನು, ಅಂದರೆ ಎರಡು ಸೀಟಿನದನ್ನು. ಕಿಟ್ಟೂ ಅದರದ್ದೇ. ಐವತ್ತು ವರ್ಷ ನಾನು ಸೆಖೋನರನ್ನು ಕೂರಿಸಿದ್ದು ತರಬೇತಿ ವಿಮಾನದಲ್ಲಿ! ಸೀಟೊಂದನ್ನು ಕಿತ್ತು ಮುಚ್ಚಿದರೆ ಸಾಕೆಂದುಕೊಂಡರೆ ಅದೂ ಇಲ್ಲ. ಎರಡು ಸೀಟಿನದಕ್ಕೆ ಉದ್ದ ಹೆಚ್ಚು, ರೆಕ್ಕೆ ಅಗಲ, ಬಾಲ ಎತ್ತರ. 72ರಲ್ಲಿ ಒಂದು ಪಾಲಿನ ಈ ಗೊಂಬೆಯಲ್ಲಿ ಉದ್ದವೇ ಒಂದು ಸೆಂಟಿಮೀಟರಿಗೂ ಮಿಕ್ಕಿ ಕತ್ತರಿಸಬೇಕು. ನಿಯತ್ತಾಗಿ ತಿದ್ದುತ್ತ ಹೋದರೆ ಕೊನೆಗೆ ಹಳೆಯದೆಂದು ಉಳಿಯುವುದು ಗಾಲಿ ಮಾತ್ರ.

ಎರಡು ದಿನ ಊಟ ರುಚಿಸಲಿಲ್ಲ. ಮೂರನೇ ದಿನ ದಾರಿ ಹೊಳೆಯಿತು. ಎಚ್‌ಎಎಲ್‌ನವರೂ ಒಂದು ಕಾಲಕ್ಕೆ ಇದೇ ಕೆಲಸಕ್ಕೆ ಕೂತಿದ್ದರಲ್ಲ! ಹಳೇ ನ್ಯಾಟನ್ನು ತಿದ್ದಿ, ರೆಕ್ಕೆಯೊಳಗೇ ಇಂಧನ ತುಂಬುವ ಹಾಗೆ ಮಾಡಿ, ಅಜೀತ್ ಎಂದು ಹೆಸರಿಟ್ಟು 1975ರಲ್ಲಿ ಹಾರಿಸಿದರು. ಅದರದ್ದೇ ಎರಡು ಸೀಟಿನ ತರಬೇತಿ ಮಾದರಿ 1982ರಲ್ಲಿ ಹಾರಿತು. ಬೆರಳೆಣಿಕೆಯಷ್ಟು ಆಗಿ ಅಲ್ಲಿಗೇ ನಿಂತಿತಂತೆ, ಇರಲಿ. ನನ್ನದು ಅಜೀತ್ ಟ್ರೇನರ್. ಅಳತೆ ಹಿಡಿದು ನೋಡುವ ಒಬ್ಬನೇ ಒಬ್ಬ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕಿನಲ್ಲಿ ಇಲ್ಲವೆಂಬ ಧೈರ್ಯ ನನಗಿತ್ತು.

ಕೆಲಸ ಶುರುವಾಯಿತು. ರೆಕ್ಕೆಯ ಬುಡದ ಸಂದಿಗೆ ಎಂ-ಸೀಲ್, ಮೇಲಿನ ಗೆರೆಗಳಿಗೆ ಗ್ಯಾರೇಜಿನಿಂದ ಬೇಡಿ ತಂದ ಪುಟ್ಟಿ. "ಯಾವ ಗಾಡಿಗೆ?" ಎಂದು ಗ್ಯಾರೇಜಿನವ ಕೇಳಿದ. "ಸಣ್ಣ ಗಾಡಿ" ಎಂದೆ. ಕಿಟ್ಟಿನ ಚೌಕಟ್ಟಿನ ಕಡ್ಡಿಯನ್ನು ದೀಪಕ್ಕೆ ಹಿಡಿದು ಮೆಲ್ಲ ಎಳೆದರೆ ಕೂದಲಿನಷ್ಟು ತೆಳ್ಳಗಿನ ಏರಿಯಲ್ ಸಿದ್ಧ. ಹಳೇ ಬಣ್ಣ ತೆಗೆಯಲು ಮಗಳ ಉಗುರುಬಣ್ಣ ಅಳಿಸುವ ದ್ರವ ಹಾಕಿದೆ. ಬಣ್ಣದ ಜೊತೆ ಬಲರೆಕ್ಕೆಯ ತುದಿಯೂ ಅಪ್ಪೆಮಿಡಿಯ ಹಾಗೆ ಮೆತ್ತಗಾಯಿತು. ವಾಯುಪಡೆಯ ಗುರುತಿಗೆ, ಅಂದರೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು, ಹೆಂಡತಿಯ ಸ್ಟಿಕ್ಕರ್ ಬೊಟ್ಟು ಒಂದರ ಮೇಲೊಂದು ಅಂಟಿಸುವುದೆಂದು ಯೋಚಿಸಿದೆ. ಬಿಳಿ ಬೊಟ್ಟು ಸಿಗಲಿಲ್ಲ. ಫ್ಯಾನ್ಸಿ ಅಂಗಡಿಯಲ್ಲಿ ಈ ವಯಸ್ಸಿನ ಗಂಡಸು ನಿಂತು ಬೊಟ್ಟಿನ ಗಾತ್ರ ಆರಿಸುವುದನ್ನು ನೋಡಿದವರು ಮನೆಗೆ ಫೋನು ಮಾಡಿದರು, ಅಷ್ಟೇ.

ಬೆಳ್ಳಿಬಣ್ಣಕ್ಕೆ ಮುಂಚೆ ಎಲ್ಲ ಕಡೆ ವಾಟರ್ ಪೇಪರಿನಲ್ಲಿ ಉಜ್ಜಬೇಕು. ಬೆಳ್ಳಿಬಣ್ಣ ಚಾಡಿಕೋರ; ಇದ್ದದ್ದನ್ನೆಲ್ಲ ಹೇಳಿಬಿಡುತ್ತದೆ. ಉಜ್ಜುತ್ತ ಎಡರೆಕ್ಕೆಯ ಕೆಳಗೆ ಬಂದಾಗ ಕಾಗದ ತಡೆಯಿತು. ಕನ್ನಡಕ ಏರಿಸಿ ನೋಡಿದೆ. ಅಂಟು ತಾಗಿ ಕರಗಿದ ಪ್ಲಾಸ್ಟಿಕ್ಕಿನಲ್ಲಿ ಒಂದು ಹೆಬ್ಬೆರಳು ಒತ್ತಿ ಹಾಗೇ ಗಟ್ಟಿಯಾಗಿತ್ತು. ಮಗುವಿನ ಬೆರಳಲ್ಲ. ಗೆರೆಗಳ ನಡುವೆ ಅಡ್ಡಡ್ಡ ಒಂದು ಕತ್ತಿಯ ಗಾಯ.

ಪೇಪರು ಕೆಳಗಿಟ್ಟೆ. ಆ ರಾತ್ರಿಯದ್ದೆಂದು ನನಗೆ ಖಂಡಿತವಾಗಿ ನೆನಪಿರುವುದು ಒಂದೇ: ಕೈ ಸೋತುಹೋಗಿತ್ತು. ವಿಮಾನ ಕಟ್ಟುವವನಿಗೆ ಕೈ ಸೋಲುವುದಿಲ್ಲ. ಲಾಟೀನು ಹಿಡಿದವನಿಗೆ ಸೋಲುತ್ತದೆ. "ಮಾಣಿ, ದೀಪ ಹತ್ರ ಹಿಡಿ, ಮಂಡೆ ಅಡ್ಡ ತರ್ಬೇಡ" ಎಂದ ಸ್ವರವೂ ಹಿಂದೆಯೇ ಬಂತು. ಮರುದಿನ ಕೇರಿಯ ಮಕ್ಕಳೆಲ್ಲ ಸೇರಿದಾಗ, "ಇದ್ ನಮ್ ಮಾಣಿಯೇ ಕಟ್ಟದ್ದ್" ಎಂದು ಸಾರಿದವನೂ ಮಾವನೇ. ಮಾವ ಈಗಿಲ್ಲ. ಮೂವತ್ತು ದಾಟಿದ, ಮದುವೆಯಾಗದ, ಹೋಟೆಲಿನ ಮನುಷ್ಯ ಆ ಪೊಟ್ಟಣವನ್ನು ಯಾರಿಗೆಂದು ಕೊಂಡಿದ್ದನೋ.

ಅಷ್ಟು ಜಾಗ ಉಜ್ಜದೆ ಬಿಟ್ಟೆ. ಬಣ್ಣ ಬಳಿದು ಕಿಟಕಿಯ ಹತ್ತಿರ ಇಟ್ಟೆ. ಆಷಾಢದ ಮಳೆ, ಕುಂದಾಪುರದ ಥಂಡಿ. ಬಟ್ಟೆಯೇ ಒಣಗದ ಊರಿನಲ್ಲಿ ಬಣ್ಣ ಒಣಗೀತೇ? ನಾಲ್ಕನೇ ದಿನ ಹೆಂಡತಿ ಬಂದು ವಿಮಾನ ಎತ್ತಿ ತಿರುಗಿಸಿ ನೋಡಿದಳು.

"ಇಲ್ಲೊಂದ್ ಕಡಿ ಉಜ್ಜುಕೆ ಬಿಟ್ಟೋಯ್ತಲೆ?"

"ಅದ್ ಹಾಂಗೇ ಇರ್ಲಿ. ಬಣ್ಣ ಹಸಿ ಇತ್ತ್, ಮುಟ್ಬೇಡ."

"ನಾಕ್ ದಿನ ಆಯ್ತ್, ಎಂತ ಹಸಿ?" ಎಂದವಳು ಬಲರೆಕ್ಕೆಯ ಮೇಲೆ ಹೆಬ್ಬೆರಳನ್ನು ಬಲವಾಗಿ ಒತ್ತಿ ತೆಗೆದು, ಬೆರಳು ನೋಡಿಕೊಂಡು, "ಹೌದ್ ಕಾಣಿ, ಹಸಿ ಇತ್ತ್" ಎಂದಳು.