ಸತ್ಯವೇದವೂ ದಾಖಲಾತಿ ರಿಜಿಸ್ಟರೂ

ಸಂಘದ ಮಿತ್ರರು ಈ ಸ್ಮರಣ ಸಂಚಿಕೆಗಾಗಿ ಲೇಖನವೊಂದನ್ನು ಅಪೇಕ್ಷಿಸಿದಾಗ, ನಿತ್ಯಜೀವನದಲ್ಲಿ ಸತ್ಯದ ಸ್ಥಾನವನ್ನು ಕುರಿತು ಬರೆಯುವುದಾಗಿ ನಾವು ಒಪ್ಪಿಕೊಂಡೆವು. ಒಪ್ಪಿಕೊಂಡ ಮೇಲೆ ಅಳುಕು ಉಂಟಾಯಿತು. ಮೂರು ದಶಕಗಳ ಕಾಲ ಮಕ್ಕಳಿಗೆ ಸತ್ಯವನ್ನೇ ನುಡಿಯಿರೆಂದು ಬೋಧಿಸಿದವರು ನಾವು, ಬೋಧಿಸುವುದು ಸುಲಭ. ಆದ್ದರಿಂದ ಉಪದೇಶವನ್ನು ಬದಿಗಿರಿಸಿ, ನಾವೇ ಎಡವಿದ ಸಂಗತಿಯೊಂದನ್ನು ಸಹೃದಯರ ಮುಂದೆ ನಿವೇದಿಸಿಕೊಳ್ಳುತ್ತೇವೆ.

ನಮ್ಮ ಕೊಹೀರು 1956ರ ನವೆಂಬರ್ 1ಕ್ಕೆ ಮೊದಲು ಬೀದರ ಜಿಲ್ಲೆಗೆ ಸೇರಿದ್ದ ಊರು. ರಾಜ್ಯಗಳ ಗಡಿ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು ಎಂಬ ಸ್ಥಿತಿಯಲ್ಲಿ ಬೆಳೆದ ನಮಗೆ ಸತ್ಯಕ್ಕೆ ದಿನಬಳಕೆಯ ಮಾತೆಂದರೆ ‘ಖರೆ’. ಪೇರಲ ಹಣ್ಣಿನ ಬುಟ್ಟಿಯ ಮುಂದೆ ಕುಳಿತ ಮುದುಕಿಯನ್ನು ಗಿರಾಕಿಯು ‘ಖರೆ ಹೇಳವ್ವಾ, ಒಳಗ ಕೆಂಪಗವನೇನು?’ ಎಂದು ಕೇಳುತ್ತಾನೆ. ಸತ್ಯದ ಪರೀಕ್ಷೆ ನಡೆಯುವುದು ಬಹುಪಾಲು ಇಂತಹ ಕಡೆಗಳಲ್ಲಿಯೇ.

ಕನ್ನಡಿಗರಿಗೆ ಸತ್ಯನಿಷ್ಠೆಯ ಪಾಠ ಹೊಸತಲ್ಲ. ಪುಣ್ಯಕೋಟಿಯ ಕಥೆಯನ್ನು ಕೇಳಿ ಕಣ್ಣೀರಿಡದ ಬಾಲ್ಯ ನಮ್ಮಲ್ಲಿ ವಿರಳ. ರಾಘವಾಂಕನು ಹರಿಶ್ಚಂದ್ರನ ಮೂಲಕ ಸತ್ಯದ ಬೆಲೆಯನ್ನು ಕಾಣಿಸಿದನು. ಇಂದಿನ ಬೀದರ ಜಿಲ್ಲೆಗೆ ಸೇರಿದ ಕಲ್ಯಾಣದಲ್ಲಿ ನೆಲೆಸಿದ್ದ ಬಸವಣ್ಣನವರು ಹುಸಿಯನ್ನು ಕಳವು ಕೊಲೆಗಳ ಸಾಲಿನಲ್ಲಿರಿಸಿದರು. ಕ್ರೈಸ್ತ ಮನೆತನದಲ್ಲಿ ಹುಟ್ಟಿದ ನಮಗೆ ಇದರ ಜೊತೆಗೆ ಇನ್ನೊಂದು ನೆನಪಿನ ಗಂಟೆಯೂ ಇತ್ತು. ಪವಿತ್ರ ಗ್ರಂಥವನ್ನು ಕನ್ನಡದಲ್ಲಿ ‘ಸತ್ಯವೇದ’ವೆಂದೇ ಕರೆಯುತ್ತೇವೆ. ಭಾನುವಾರ ಆರಾಧನೆಗೆ ಹೊರಟವನು ಕಂಕುಳಲ್ಲಿ ಸತ್ಯದ ಹೆಸರನ್ನೇ ಹೊತ್ತುಕೊಂಡು ಹೋಗುತ್ತಾನೆ.

ಇನ್ನು ನಮ್ಮ ಸಂಗತಿ. ಹಿಂದೆ ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ತಾರೀಖನ್ನು ಬರೆದಿಡುವ ರೂಢಿ ಇರಲಿಲ್ಲ. 1969ರಲ್ಲಿ ಜನನ ಮರಣ ನೋಂದಣಿಯ ಕಾಯಿದೆ ಬಂದ ಮೇಲೂ ಬಹುಕಾಲ ಹಾಗೆಯೇ ನಡೆಯಿತು. ಹಳಬರು ಫಸಲಿ ವರ್ಷ ಹೇಳುತ್ತಿದ್ದರು, ಅದಕ್ಕೆ 590 ಕೂಡಿಸಿಕೊಳ್ಳುತ್ತಿದ್ದೆವು. ‘ರಜಾಕಾರರ ಗಲಾಟೆಯ ವರ್ಷ’, ‘ದೊಡ್ಡ ಬರ ಬಿದ್ದ ವರ್ಷ’ ಎಂಬುವೇ ಉಳಿದವರ ಲೆಕ್ಕ. ದಾಖಲಾತಿ ರಿಜಿಸ್ಟರಿನಲ್ಲಿ ಮಾಸ್ತರನು ಬರೆದದ್ದೇ ಹುಟ್ಟಿದ ದಿನ. ಹತ್ತನೆಯ ತರಗತಿಯ ಅಂಕಪಟ್ಟಿಗೂ ಮುಂದಿನ ನೌಕರಿಗೂ ಅದೇ ಆಧಾರ.

ನಾವು ಸಹಶಿಕ್ಷಕರಾಗಿದ್ದಾಗ ಕೂಲಿಕಾರನೊಬ್ಬನು ಮಗನನ್ನು ಶಾಲೆಗೆ ಸೇರಿಸಲು ಬಂದನು. 1972ರ ಬರಗಾಲದಲ್ಲಿ, ಕಾರಹುಣ್ಣಿಮೆಯ ಮರುದಿನ ಬೆಳಗಿನಲ್ಲಿ ಕೂಸು ಹುಟ್ಟಿತೆಂದು ಹೇಳಿದನು. ಪಂಚಾಂಗ ನೋಡಿ ತಾರೀಖು ಬರೆದೆವು. ಅದೇ ತರಗತಿಯಲ್ಲಿ ನಮ್ಮ ಸಭೆಯ ಹಿರಿಯರೊಬ್ಬರ ಮಗನೂ ಇದ್ದನು. ಅವನದೂ ಅದೇ ವರ್ಷದ ಜನನ.

ಮುಂದೆ ಅದೇ ಶಾಲೆಯ ಮುಖ್ಯೋಪಾಧ್ಯಾಯರ ಪ್ರಭಾರ ನಮ್ಮ ಪಾಲಿಗೆ ಬಂದಿತು. ಪರೀಕ್ಷಾ ಮಂಡಳಿಗೆ ಕಳುಹಿಸುವ ಪಟ್ಟಿ ಸಿದ್ಧವಾಗುತ್ತಿದ್ದಾಗ ಹಿರಿಯರು ಮನೆಗೆ ಬಂದರು. ಹುಡುಗನ ವಯಸ್ಸು ಎರಡು ವರ್ಷ ಕಡಿಮೆಯಾದರೆ ನೌಕರಿಗೆ ಅನುಕೂಲವೆಂದರು. ನಮ್ಮ ಕಷ್ಟಕಾಲದಲ್ಲಿ ನೆರವಾದವರು ಅವರು. ‘ಯಾರಿಗೆ ನಷ್ಟ?’ ಎಂದು ಅವರು ಕೇಳಿದ ಪ್ರಶ್ನೆಗೆ ಅಂದು ಉತ್ತರ ಹೊಳೆಯಲಿಲ್ಲ. 1972ರ ಕೊನೆಯ ಅಂಕಿಯನ್ನು ನಾಲ್ಕಾಗಿಸಿ, ಪಕ್ಕದಲ್ಲಿ ಕಿರುಸಹಿ ಹಾಕಿದೆವು. ಅದೇ ವಾರ ಕೂಲಿಕಾರನೂ ಯಾರದೋ ಮಾತು ಕೇಳಿ ಅದೇ ಬೇಡಿಕೆಯೊಂದಿಗೆ ಬಂದನು. ಅವನಿಗೆ ನಾವು ಕಾನೂನನ್ನು ತಿಳಿಸಿದೆವು. ದಾಖಲೆ ತಿದ್ದುವುದು ಅಪರಾಧವೆಂದು ಗಂಭೀರವಾಗಿಯೇ ನುಡಿದೆವು. ಅವನು ಕೈಮುಗಿದು ಹೋದನು.

ಕೆಲವು ವರ್ಷಗಳ ನಂತರ ಒಂದೇ ನೇಮಕಾತಿಗೆ ಇಬ್ಬರೂ ಹುಡುಗರು ಹೊರಟರು. ಒಬ್ಬನಿಗೆ ವಯಸ್ಸು ಉಳಿದಿತ್ತು, ಇನ್ನೊಬ್ಬನಿಗೆ ನಾಲ್ಕು ತಿಂಗಳು ಮೀರಿತ್ತು. ತಂದೆ ಮತ್ತೆ ನಮ್ಮಲ್ಲಿಗೆ ಬಂದು ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: ‘ಖರೆ ತಾರೀಖ ಬರಿಸಿದ್ದೇ ತಪ್ಪಾಯ್ತೇನ್ರಿ ಸರ್?’

ನಮ್ಮ ತಿದ್ದುಪಡಿಯ ಸಂಗತಿ ಅವನಿಗೆ ತಿಳಿದಿರಲಿಲ್ಲ. ತಿಳಿದು ಆಡಿದ್ದರೆ ಅಷ್ಟು ಇರಿಯುತ್ತಿರಲಿಲ್ಲ. ‘ಯಾರಿಗೆ ನಷ್ಟ?’ ಎಂಬ ಪ್ರಶ್ನೆಯ ಉತ್ತರ ನಮ್ಮ ಹೊಸ್ತಿಲಲ್ಲಿ ನಿಂತಿತ್ತು.

ಎಫೆಸದವರಿಗೆ ಬರೆದ ಪತ್ರದಲ್ಲಿ ಸಂತ ಪೌಲನು ಸುಳ್ಳನ್ನು ಬಿಡಿರೆಂದು ಹೇಳಿ, ಅದಕ್ಕೆ ಕೊಡುವ ಕಾರಣ ಗಮನಾರ್ಹ. ಶಿಕ್ಷೆಯ ಭಯವನ್ನು ಅವನು ಮುಂದಿಡುವುದಿಲ್ಲ. ನಾವೆಲ್ಲರೂ ಒಂದೇ ದೇಹದ ಅಂಗಗಳೆಂಬುದೇ ಅವನು ನೀಡುವ ಕಾರಣ. ಕಣ್ಣು ಕಾಲಿಗೆ ಸುಳ್ಳು ಹೇಳಿದರೆ ಬೀಳುವುದು ಇಡೀ ದೇಹ. ಪ್ರೀತಿಯ ವೇಷದಲ್ಲಿ, ದಾಕ್ಷಿಣ್ಯದ ವೇಷದಲ್ಲಿ ಬರುವ ಸುಳ್ಳನ್ನು ಗುರುತಿಸುವುದು ಕಷ್ಟ. ಅದರಿಂದ ಲಾಭ ಪಡೆದವನು ನಮ್ಮ ಎದುರಿಗಿರುತ್ತಾನೆ, ನಷ್ಟ ಹೊಂದಿದವನು ಕಣ್ಣಿಗೆ ಬೀಳುವುದಿಲ್ಲ. ಆ ಕಾಣದ ನೆರೆಯವನಿಗೆ ಸಲ್ಲಬೇಕಾದ ಋಣವೇ ಸತ್ಯ. ಹೌದನ್ನು ಹೌದೆಂದೂ ಅಲ್ಲವನ್ನು ಅಲ್ಲವೆಂದೂ ಹೇಳಿದರೆ ಸಾಕು, ಆಣೆಯ ಅಗತ್ಯವಿಲ್ಲವೆಂದು ಯೇಸುಸ್ವಾಮಿ ಬೆಟ್ಟದ ಮೇಲೆ ಬೋಧಿಸಿದ್ದರ ತಾತ್ಪರ್ಯವೂ ಇದೇ ಎಂದು ನಾವು ತಿಳಿದಿದ್ದೇವೆ. ನ್ಯಾಯಾಲಯದ ಕಟಕಟೆಯಲ್ಲಿ ಎಷ್ಟು ಜಾಗರೂಕರೋ ರಿಜಿಸ್ಟರಿನ ಮುಂದೆಯೂ ಅಷ್ಟೇ ಜಾಗರೂಕರಾಗಿರಬೇಕು.

ನಿವೃತ್ತಿಯಾದ ಮೇಲೆ ಒಂದು ದಿನ ಆ ಕೂಲಿಕಾರನ ಮನೆಗೆ ಹೋಗಿ ಎಲ್ಲವನ್ನೂ ತಿಳಿಸಿದೆವು. ಸುಂಕದ ಜಕ್ಕಾಯನು ತಾನು ವಂಚಿಸಿ ಪಡೆದದ್ದನ್ನು ನಾಲ್ಕರಷ್ಟಾಗಿ ಮರಳಿಸಲು ಮುಂದಾದನು. ನಮ್ಮಲ್ಲಿ ಮರಳಿಸಲು ಏನಿತ್ತು? ಮೀರಿದ ವಯಸ್ಸನ್ನು ಯಾರು ತಂದುಕೊಡಬಲ್ಲರು? ಮುದುಕನು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, ‘ಈಗ ಹೇಳಿ ಏನ್ ಮಾಡ್ತೀರಿ ಸರ್? ಇರ್ಲಿ, ಖರೆ ಹೇಳಿದ್ರಿ. ಕೂಡ್ರಿ’ ಎಂದನು. ಚಹಾ ತರಿಸಿದನು. ಅದು ಕ್ಷಮೆಯೋ ಅಥವಾ ಬಂದವರಿಗೆ ತೋರುವ ಮರ್ಯಾದೆಯೋ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ. ಆ ಸಾಲು ರಿಜಿಸ್ಟರಿನಲ್ಲಿ ನಮ್ಮ ಕಿರುಸಹಿಯೊಡನೆ ಹಾಗೆಯೇ ಇದೆ. ಅದನ್ನು ಮೇಲಧಿಕಾರಿಗಳಿಗೆ ತಿಳಿಸುವ ಧೈರ್ಯವೂ ನಮಗೆ ಬರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಅದೇ ರಿಜಿಸ್ಟರಿನಲ್ಲಿ ‘ಮಾತೃಭಾಷೆ’ ಎಂಬ ಅಂಕಣವೊಂದಿತ್ತು. ಕನ್ನಡವಾಡುವ ತಾಯಿತಂದೆಯರು ‘ಏನಾದ್ರೂ ಬರೀರಿ ಸರ್’ ಎನ್ನುತ್ತಿದ್ದರು. ಅನುಕೂಲವಾದದ್ದನ್ನು ಬರೆದದ್ದೂ ಉಂಟು. ಅದರಿಂದಲೂ ಯಾರಿಗೂ ನಷ್ಟವಿಲ್ಲವೆಂದೇ ಭಾವಿಸಿದ್ದೆವು. ಎಣಿಕೆಗೆ ಬಾರದ ಮಕ್ಕಳಿಗೆ ಕನ್ನಡ ಶಾಲೆಯನ್ನಾಗಲಿ ಕನ್ನಡ ಶಿಕ್ಷಕರನ್ನಾಗಲಿ ಕೇಳುವುದು ಹೇಗೆ? ಶಾಲೆಯವರೋ ಜನಗಣತಿಯವರೋ ಮನೆಯ ಮಾತು ಯಾವುದೆಂದು ಕೇಳಿದಾಗ, ಇದ್ದುದನ್ನು ಇದ್ದಂತೆ ಬರೆಯಿಸಿರೆಂದು ಗಡಿನಾಡಿನ ಬಂಧುಗಳಲ್ಲಿ ನಮ್ಮ ವಿನಂತಿ.