ಬಳೆ ತೊಟ್ಟ ಪದ್ಮಿನಿ

2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು ಕಾಯಮ್ಮಾಗಿ ಬೀಳ್ಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ನಮ್ಮ ಮನೆಯಲ್ಲಿ ಎಲ್ಲರಿಗೂ ನಮ್ಮದೇ ಹಳೆಯ ಪದ್ಮಿನಿಯ ನೆನಪಾಯಿತು. ಅದರ ಬೆನ್ನಿಗೇ, ನಾವು ಅದಕ್ಕೆ ತೊಡಿಸಿದ್ದ ಬಳೆಯ ನೆನಪೂ ಬಂತು. "ಅದನ್ನಷ್ಟು ಬರೀರಿ, ನಾಲ್ಕು ಮಂದಿಗೆ ಬುದ್ಧಿ ಬರಲಿ" ಎಂದು ನಮ್ಮ ಮನೆಯಾಕೆ ಅಪ್ಪಣೆ ಕೊಟ್ಟದ್ದರಿಂದ ಈ ಹರಟೆ.

ನಾವು ಧಾರವಾಡದ ಕಡೆಯವರು. ಚೆಂಬೂರಿನ ಎರಡು ಕೋಣೆಯ ಮನೆಯಲ್ಲಿ ಸಂಸಾರ ಹೂಡಿದವರು. 1984ರಲ್ಲಿ ಇದ್ದಬಿದ್ದ ಉಳಿತಾಯವನ್ನೆಲ್ಲ ಗುಡಿಸಿ ಒಂದು ಪದ್ಮಿನಿಯನ್ನು ಕೊಂಡೆವು. ಹೊಸ ಕಾರಿಗೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು; ಆದ್ದರಿಂದ ಕೈ ಬದಲಾದ ಗಾಡಿಯೇ ನಮಗೆ ಒದಗಿತು. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಿಂದ ಕುರ್ಲಾದ ಕಾರಖಾನೆಯಲ್ಲಿ ಹೊರಬಂದು, 1974ರಿಂದ ಪದ್ಮಿನಿ ಎನಿಸಿಕೊಂಡ ಈ ಗಾಡಿಯನ್ನು ಗೊತ್ತಿಲ್ಲದ ಮುಂಬಯಿಗರು ಯಾರಿದ್ದಾರೆ? ಗೇರಿನ ಕಡ್ಡಿ ಸ್ಟೀರಿಂಗಿನ ಕಂಬಕ್ಕೇ ಅಂಟಿಕೊಂಡಿತ್ತು. ಸ್ಟೀರಿಂಗ್ ಚಕ್ರವೋ, ಊರ ಮನೆಯ ಹೋಳಿಗೆ ಹಂಚಿನಂತೆ ವಿಶಾಲ. ಟೇಪು ಹಿಡಿದು ಅಳೆದರೆ ಹೆಚ್ಚುಕಡಿಮೆ 16 ಇಂಚು.

ಆ ಚಕ್ರದ ಮೇಲೆ ನಮಗೆ ಮುನಿಸು ಹುಟ್ಟಿದ್ದಕ್ಕೆ ಎರಡು ಕಾರಣಗಳು. ಊರವರಿಗೆ ಹೇಳಿದ ಕಾರಣ: ಚಿಕ್ಕ ಚಕ್ರವಿದ್ದರೆ ಗಾಡಿ ಚುರುಕಾಗಿ ತಿರುಗುತ್ತದೆ. ಮದ್ರಾಸಿನ ಬಳಿಯ ಶೋಲಾವರಂ ರೇಸಿನ ಚಿತ್ರಗಳನ್ನು ತೋರಿಸಿ ನಮ್ಮ ಸೋದರಳಿಯ ತಲೆಯಲ್ಲಿ ಈ ಹುಳು ಬಿಟ್ಟಿದ್ದ. ಹೇಳದೆ ಉಳಿಸಿಕೊಂಡ ಕಾರಣ: ನಲವತ್ತು ದಾಟಿದ ನಮ್ಮ ಹೊಟ್ಟೆಗೂ ಆ ಚಕ್ರದ ಕೆಳ ಅಂಚಿಗೂ ದಿನೇ ದಿನೇ ಸಲುಗೆ ಬೆಳೆಯುತ್ತಿತ್ತು. ಹೊಟ್ಟೆ ಕರಗಿಸುವುದಕ್ಕಿಂತ ಚಕ್ರ ಕಿರಿದು ಮಾಡುವುದು ಸುಲಭವೆಂದು ನಮಗೆ ತೋರಿತು. ಮುಂಬಯಿಗೆ ಬಂದ ಮೇಲೆ ತುಳಸೀಕಟ್ಟೆಯನ್ನು ಡಬ್ಬಿಗೆ ಇಳಿಸಿದ್ದೆವು, ಹಿತ್ತಲನ್ನು ಕಿಟಕಿಗೆ ಇಳಿಸಿದ್ದೆವು. ಇದೇನು ಮಹಾ!

1987ರ ಬೇಸಗೆಯ ಒಂದು ಭಾನುವಾರ ಗಾಡಿಯನ್ನು ಅದರ ತವರಾದ ಕುರ್ಲಾಕ್ಕೇ ಒಯ್ದೆವು. ಸಿ.ಎಸ್.ಟಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕಪ್ಪು ರೆಕ್ಸಿನ್ ಸುತ್ತಿದ, ಮೂರು ಕಡ್ಡಿಗಳ, 13 ಇಂಚಿನ ಚಕ್ರ ಸಿಕ್ಕಿತು. ಅದನ್ನು ನಮ್ಮ ಗಾಡಿಯ ದಂಡಕ್ಕೆ ಕೂಡಿಸಲು ನಡುವೆ 'ಬಾಸ್' ಎಂಬ ಲೋಹದ ಗುಬಟೆಯೊಂದು ಬೇಕು. ಗಾಡಿಗೆ ತಕ್ಕ ಬಾಸ್ ಸಿಗದಿದ್ದರೆ ಎಂಥ ಚಕ್ರವೂ ಗೋಡೆಗೆ ತೂಗುಹಾಕಲಷ್ಟೇ ಯೋಗ್ಯ.

ಕೂಡಿಸಿದ ಉಸ್ತಾದ್ ಕೆಲಸ ಬಲ್ಲವ. ಮೊದಲು ಮುಂದಿನ ಗಾಲಿಗಳನ್ನು ನೇರ ನಿಲ್ಲಿಸಿದ. ಬ್ಯಾಟರಿಯ ತಂತಿ ಕಳಚಿದ. ಹಾರ್ನಿನ ಮುಚ್ಚಳ ಎಬ್ಬಿಸಿ ಒಳಗಿನ ದೊಡ್ಡ ನಟ್ಟನ್ನು ಸಡಿಲಿಸಿದ. ದಂಡದ ತುದಿಗೆ ಸುತ್ತಲೂ ಸಣ್ಣ ಹಲ್ಲುಗಳು, ಚಕ್ರದ ತೂತಿನೊಳಗೆ ಅವಕ್ಕೆ ಹೊಂದುವ ಗೀರುಗಳು. ಒಂದು ಹಲ್ಲು ಆಚೀಚೆಯಾದರೂ ಗಾಡಿ ನೇರ ಹೋಗುವಾಗ ಚಕ್ರ ಸೊಟ್ಟಗೆ ನಿಲ್ಲುತ್ತದೆ. ಅದಕ್ಕೆಂದೇ ಗುರುತು ಮಾಡಿಕೊಂಡ. ಸುತ್ತಿಗೆಯನ್ನು ಮುಟ್ಟಲಿಲ್ಲ, ಪುಲ್ಲರ್ ಹಾಕಿ ಹಳೆಯ ಚಕ್ರವನ್ನು ಮೆಲ್ಲಗೆ ಎಳೆದ. ಬಾಸ್ ಕೂಡಿಸಿ, ಹೊಸ ಚಕ್ರವನ್ನು ಬಿಗಿದು, ಹಾರ್ನಿನ ತಂತಿ ಜೋಡಿಸಿ, ಕೈ ಒರೆಸಿಕೊಳ್ಳುತ್ತ ಕೇಳಿದ: "ಸಾಹೇಬರೇ, ಈ ಗಾಡಿ ಇನ್ನು ಯಾರು ಓಡಿಸ್ತಾರೆ?"

"ನಾವೇ, ಮತ್ಯಾರು?" ಎಂದೆವು.

ನಮ್ಮ ಮನೆಯಾಕೆ ಎರಡು ವರ್ಷದ ಹಿಂದೆಯೇ ಲೈಸೆನ್ಸು ಪಡೆದು, ಮಕ್ಕಳನ್ನು ಶಾಲೆಗೂ ನಮ್ಮೆಲ್ಲರನ್ನೂ ಸಂಘದ ಕಾರ್ಯಕ್ರಮಗಳಿಗೂ ಕರೆದೊಯ್ಯುತ್ತಿದ್ದದ್ದು ಆ ಗಳಿಗೆಯಲ್ಲಿ ನಮಗೆ ನೆನಪಾಗಲಿಲ್ಲ. ಮರೆತೆವೆಂದರೆ ಅರ್ಧ ಸತ್ಯ. ಲೆಕ್ಕಕ್ಕೆ ಹಿಡಿಯಲಿಲ್ಲವೆಂದರೆ ಪೂರ್ಣ ಸತ್ಯ.

ಹೊಸ ಚಕ್ರದ ಸುಖವನ್ನು ಅಲ್ಲಗಳೆಯಲಾರೆವು. ಹೊಟ್ಟೆಗೆ ಬಿಡುಗಡೆ ಸಿಕ್ಕಿತು. ರಸ್ತೆಯಲ್ಲಿ ಓಡುವಾಗ ಕೈ ಇಷ್ಟು ಅಲುಗಿದರೆ ಗಾಡಿ ಅಷ್ಟು ಹೊರಳುತ್ತಿತ್ತು. ಆದರೆ ಅದರ ಅಂಚು ಸ್ಪೀಡೋಮೀಟರಿಗೆ ಅಡ್ಡ ಬಂದು, ವೇಗ ನೋಡಲು ಕತ್ತು ಚಾಚಬೇಕಾಯಿತು. ಎಡಕ್ಕೆ ತಿರುಗಿಸಿದರೆ ಹಾರ್ನು ತಾನಾಗಿ ಕೂಗಿ, ಜನ ನಮ್ಮನ್ನು ಹಿಡಿಶಾಪ ಹಾಕಿದರು. ಇವೆಲ್ಲಕ್ಕಿಂತ ದೊಡ್ಡದು ಭಾರ. ಬೀಸುವ ಕಲ್ಲಿನ ಗೂಟವನ್ನು ಅಂಚಿನಲ್ಲಿ ನೆಡುತ್ತಾರೆ. ನಡುವಿನ ಹತ್ತಿರ ನೆಟ್ಟರೆ ಕಲ್ಲು ಮಿಸುಕುವುದಿಲ್ಲ. ಸ್ಟೀರಿಂಗಿಗೂ ಅದೇ ನ್ಯಾಯ. 16 ಇಂಚಿನ ಚಕ್ರದ ಒಂದು ಸುತ್ತಿಗೆ ಕೈ 50 ಇಂಚು ಸಾಗುತ್ತದೆ, 13 ಇಂಚಿನದಕ್ಕೆ 41 ಇಂಚು ಸಾಕು. ಉಳಿಸಿದ 9 ಇಂಚಿನ ಸಾಲವನ್ನು ತೋಳು ತೀರಿಸಬೇಕು: ಸುಮಾರು ಕಾಲು ಪಾಲು ಹೆಚ್ಚು ಬಲ. ಪದ್ಮಿನಿಗೆ ಪವರ್ ಸ್ಟೀರಿಂಗ್ ಇರಲಿಲ್ಲ. ನಿಂತ ಗಾಡಿಯ ಗಾಲಿ ಹೊರಳಿಸುವುದಂತೂ ಹಳೆಯ ಚಕ್ರದಲ್ಲೇ ಬೆವರಿನ ಕೆಲಸ. "ಭಾಳ ಬಿಗಿ ಆಗೇದ್ರಿ" ಎಂದು ಮನೆಯಾಕೆ ಎರಡು ಸಲ ಅಂದಳು. "ರೂಢಿಯಾದರೆ ಸರಿಹೋಗುತ್ತದೆ" ಎಂದು ಎರಡು ಸಲವೂ ನಾವು ಉತ್ತರ ಕೊಟ್ಟೆವು.

ಮಳೆಗಾಲಕ್ಕೆ ಸ್ವಲ್ಪ ಮುಂಚೆ ಧಾರವಾಡದಿಂದ ಅವ್ವ ಬಂದಿದ್ದಳು. ಗಾಡಿಯಲ್ಲಿ ಕೂತವಳೇ ಚಕ್ರ ನೋಡಿ, "ಇದೇನೋ ತಮ್ಮಾ, ಗಾಲಿ ತಗದು ಬಳಿ ಹಾಕೀದಿ?" ಅಂದಳು. ಎಲ್ಲರೂ ನಕ್ಕೆವು.

ಜುಲೈ ತಿಂಗಳ ಒಂದು ರಾತ್ರಿ ಅವ್ವನಿಗೆ ಉಸಿರು ಸಿಕ್ಕಿಕೊಂಡಿತು. ನಾವು ಕಾರಖಾನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆವು. ಹೊರಗೆ ಜಡಿಮಳೆ, ಟ್ಯಾಕ್ಸಿಯ ಸುಳಿವಿಲ್ಲ. ಮನೆಯಾಕೆ ಅವ್ವನನ್ನು ಹಿಂದಿನ ಸೀಟಿನಲ್ಲಿ ಒರಗಿಸಿ, ದೊಡ್ಡ ಮಗಳನ್ನು ಪಕ್ಕದಲ್ಲಿ ಕೂರಿಸಿ, ಗಾಡಿ ಚಾಲೂ ಮಾಡಿದಳು. ಅಂಗಳದಲ್ಲಿ ನಮ್ಮ ಗಾಡಿ ಗೋಡೆಗೂ ಇನ್ನೊಂದು ಕಾರಿಗೂ ನಡುವೆ ಸಿಕ್ಕಿತ್ತು. ಹೊರತೆಗೆಯಲು ನಿಂತಲ್ಲೇ ನಾಲ್ಕೈದು ಸಲ ಚಕ್ರವನ್ನು ಪೂರ್ತಿ ತಿರುಗಿಸಬೇಕು. ಅದು ಮಿಸುಕಲಿಲ್ಲ. ವಾಚ್‌ಮನ್ ಕಿಟಕಿಯಿಂದ ಕೈ ಹಾಕಿ ಸಹಾಯಕ್ಕೆ ನಿಂತ. ಆದರೆ ನಾಲ್ಕು ಕೈ ಹಿಡಿಯಲು ಆ ಬಳೆಯಲ್ಲಿ ಜಾಗವಾದರೂ ಎಲ್ಲಿ? ಕೊನೆಗೆ ನೆರೆಯ ಮರಾಠಿ ಮನೆಯ ತಂದೆ ಮಕ್ಕಳು ಮಳೆಯಲ್ಲೇ ಓಡಿಬಂದು, ಮುಂದಿನ ಬಂಪರನ್ನು ಎತ್ತೆತ್ತಿ ಗಾಡಿಯ ಮೂತಿಯನ್ನು ಗೇಟಿನ ಕಡೆ ಸರಿಸಿದರು. ಹೀಗೆ ಹೋದದ್ದು ಕಾಲು ಗಂಟೆ. ಅಷ್ಟೂ ಹೊತ್ತು ಹಿಂದಿನ ಸೀಟಿನಿಂದ ಅವ್ವನ ಉಸಿರಿನ ಸದ್ದು ಕೇಳುತ್ತಿತ್ತೆಂದು ಮಗಳು ಇಂದಿಗೂ ಹೇಳುತ್ತಾಳೆ.

ಬೆಳಿಗ್ಗೆ ನಾವು ಆಸ್ಪತ್ರೆ ಮುಟ್ಟಿದಾಗ ಅವ್ವ ಆಮ್ಲಜನಕದ ನಳಿಕೆಯೊಂದಿಗೆ ನಿದ್ರಿಸುತ್ತಿದ್ದಳು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತೆಂದರು ಡಾಕ್ಟರು. ಮನೆಯಾಕೆ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಚಹಾದ ಕಪ್ಪು ಹಿಡಿಯಲು ಕೈ ಚಾಚಿದಾಗ ಅಂಗೈಯ ಬೊಬ್ಬೆಗಳು ಕಂಡವು.

ಮೂರನೆಯ ದಿನ ಅವ್ವನಿಗೆ ಮಾತಾಡುವಷ್ಟು ತ್ರಾಣ ಬಂತು. ನಮ್ಮನ್ನು ಹತ್ತಿರ ಕರೆದು ಕೇಳಿದಳು: "ಬಳಿ ಛಂದ ಐತಿ ತಮ್ಮಾ. ಆದ್ರ ಕೊಳ್ಳೂ ಮುಂದ ಯಾರ ಕೈ ಅಳತಿ ತಗೊಂಡಿದ್ದಿ?"

ಉತ್ತರ ನಮ್ಮಲ್ಲಿರಲಿಲ್ಲ. ಆ ಭಾನುವಾರವೇ ಕುರ್ಲಾಕ್ಕೆ ಹೊರಟೆವು. ಮಾಳಿಗೆಯ ಮೇಲೆ ಹಳೆಯ ಧೋತರದಲ್ಲಿ ಸುತ್ತಿಟ್ಟಿದ್ದ ದೊಡ್ಡ ಚಕ್ರವನ್ನು ಹುಡುಕಿದರೆ ಅಲ್ಲಿರಲಿಲ್ಲ. ಕಿರಿಯ ಮಗ ಮಂಚದ ಮೇಲೆ ಕೂತು ಅದನ್ನು ತಿರುಗಿಸುತ್ತ ಪುಣೆ, ಸಾತಾರಾ, ಬೆಳಗಾವಿ ದಾಟಿ ಧಾರವಾಡ ಮುಟ್ಟುವುದರಲ್ಲಿದ್ದ. ಅವನಿಗೆ ಚಿಕ್ಕದನ್ನು ಕೊಡುವೆವೆಂದು ರಮಿಸಿ ಇಸಿದುಕೊಂಡೆವು. ಉಸ್ತಾದ್ ನಗಲಿಲ್ಲ. ಈ ಸಲ ಅವನು ಚಕ್ರ ಕೂಡಿಸಿದ ಮೇಲೆ, ನಿಂತ ಗಾಡಿಯಲ್ಲಿ ಕೂತು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದ್ದು ನಮ್ಮ ಮನೆಯಾಕೆ.

ಅವ್ವ ಮುಂದೆ ಒಂಬತ್ತು ವರ್ಷ ಬದುಕಿದಳು. ಇಂದಿನ ಕಾರುಗಳಲ್ಲಿ ಭಾರವನ್ನು ಪವರ್ ಸ್ಟೀರಿಂಗ್ ಹೊರುತ್ತದೆ. 2019ರ ಜುಲೈಯಿಂದ ಹೊಸ ಕಾರುಗಳಿಗೆ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾಗಿದ್ದು, ಅದು ಅಡಗಿರುವುದು ಸ್ಟೀರಿಂಗ್ ಚಕ್ರದ ನಡುವೆಯೇ. ಚಂದಕ್ಕೆಂದು ಚಕ್ರ ಬದಲಿಸುವವರು ಅದನ್ನೂ ಕಳೆದುಕೊಳ್ಳುತ್ತಾರೆ. ಈಚೆಗೆ ಮೊಮ್ಮಗ ತನ್ನ ಹೊಸ ಗಾಡಿಗೆ ಏನೋ ಶೋಕಿ ಮಾಡಿಸುವ ಮಾತೆತ್ತಿದ. ನಾವು ಬಾಯಿ ತೆರೆಯುವ ಮೊದಲೇ ಅವನ ಅಜ್ಜಿ ಕೇಳಿದಳು: "ಮನಿಯೊಳಗ ಇನ್ನೂ ಯಾರ್‍ಯಾರು ಓಡಸ್ತಾರ, ಅವರನ್ನ ಕೇಳೀಯೇನು?"

ನಾವು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆವು.